ಹದಿನೇಳು ಎಡೆ

೧೪ ಸೆಪ್ಟೆಂಬರ್ ೧೯೫೩, ಸೋಮವಾರ

ಹೋದ ವಾರ ಶಾಲೆಗೆ ಬಂದ ಇನ್‌ಸ್ಪೆಕ್ಟರರು ನನ್ನ ಹಾಜರಿ ಪುಸ್ತಕ ನೋಡಿ ನಕ್ಕರು. "ಶಿವಶರಣಪ್ಪ ಮಾಸ್ತರ, ನಿಮ್ಮ ಅಕ್ಷರ ಗಾಳಿಗೆ ಬಿದ್ದ ಜ್ವಾಳದಂಗ ಮಲಗ್ಯಾವಲ್ರೀ. ಉರ್ದು ಬಿಟ್ಟು ಐದು ವರ್ಷಾತು. ದಿನಾ ಒಂದು ಪುಟ ಕನ್ನಡ ಬರೀರಿ, ಏನರ ಬರೀರಿ" ಎಂದರು. ಕಲಿತದ್ದು ಉರ್ದುವಿನಲ್ಲಿ, ಈಗ ಕಲಿಸುವುದು ಕನ್ನಡದಲ್ಲಿ. ಕೈಗೆ ಇನ್ನೂ ಒಗ್ಗಿಲ್ಲ. ಅದಕ್ಕೇ ಈ ಪುಸ್ತಕ. ಯಾರೂ ಓದುವುದಿಲ್ಲವಾದ್ದರಿಂದ ಯಾರಿಗೂ ಹೆದರಬೇಕಾಗಿಲ್ಲ.

ಬರೆಯಲು ಏನೂ ಇಲ್ಲವೆಂದುಕೊಂಡಿದ್ದೆ. ಇವತ್ತು ಸಿಕ್ಕಿತು. ಕಾಲುವೆಯ ಅಳತೆಯವರು ನಮ್ಮ ಗೋನದಿನ್ನಿಗೆ ಬಂದು, ಬಳಗಾನೂರಿನ ಕಡೆಯಿಂದ ಸಾಲಾಗಿ ಕೆಂಪು ನಿಶಾನೆ ನೆಡುತ್ತಾ ಬಂದವರು, ಒಂದನ್ನು ನೇರವಾಗಿ ಸಿಪಾಯಿಕಲ್ಲಿನ ಪಾದಕ್ಕೇ ಚುಚ್ಚಿ ಹೋಗಿದ್ದಾರೆ. ತುಂಗಭದ್ರೆಯ ನೀರು ಅದೇ ಗೆರೆಯಲ್ಲಿ ಬರುವುದಂತೆ.

ಸಿಪಾಯಿಕಲ್ಲು ಒಂದೂವರೆ ಆಳು ಎತ್ತರದ್ದು. ವರ್ಷವರ್ಷ ಸುಣ್ಣ ಬಳಿದು ಬಳಿದು ಉಪ್ಪಿನ ರಾಶಿಯ ಹಾಗೆ ಉಬ್ಬಿದೆ. ನಮ್ಮ ಮುತ್ತಜ್ಜನ ಅಪ್ಪನ ಕಾಲದಲ್ಲಿ ಮರಾಠರ ಮೇಲೆ ದಂಡು ಹೋದಾಗ ನಮ್ಮೂರಿನಿಂದ ಹೋಗಿ ಸತ್ತವರ ಹೆಸರು ಅದರ ಮೇಲಿದೆ. ಮೊದಲ ಹೆಸರು ನಮ್ಮ ಮನೆಯ ಹವಾಲ್ದಾರ್ ಬಸಲಿಂಗಪ್ಪನದು ಎಂದು ಅಪ್ಪ ಹೇಳುತ್ತಿದ್ದ. ಎಳ್ಳಮಾಸಿಯ ದಿನ ಅಲ್ಲಿ ಮೊದಲ ಕಾಯಿ ಒಡೆಯುವ ಹಕ್ಕು ಅದಕ್ಕೇ ನಮ್ಮದು. ಅಪ್ಪ ಒಡೆಯುತ್ತಿದ್ದ, ಈಗ ನಾನು ಒಡೆಯುತ್ತೇನೆ, ಮನೆಗೆ ಬರುತ್ತೇನೆ. ಆಮೇಲೆ ಹೆಂಗಸರು ಬಂದು ಏನೋ ಎಡೆ ಹಿಡಿಯುತ್ತಾರೆ. ಅದು ಅವರ ಬಾಬತ್ತು.

ಊರ ಗೌಡರಾದ ಸೂಗಪ್ಪಗೌಡರಿಗೆ ಹೇಳಿದರೆ, "ನೀರು ಬರ್ತಾವಂದ್ರ ನನ್ನ ಹಿತ್ತಲ ಕಡೀಲೆ, ಕಲ್ಲೇನು ದೊಡ್ಡದು ಮಾಸ್ತರ" ಎಂದು ಎಲೆ ಅಡಿಕೆ ಹಾಕಿಕೊಂಡರು.

೧೯ ಸೆಪ್ಟೆಂಬರ್, ಶನಿವಾರ

ಸಿಂಧನೂರಿಗೆ ಹೋಗಿ ಕಾಲುವೆ ಕಚೇರಿಯಲ್ಲಿ ಅರ್ಧ ದಿನ ಕಂಬಕ್ಕೆ ಒರಗಿ ನಿಂತೆ. ಓವರ್‌ಸೀಯರ್ ಹರೆಯದವನು, ಬಳ್ಳಾರಿ ಕಡೆಯವನು. ಕಾಗದದಿಂದ ಕಣ್ಣೆತ್ತದೆ ಕೇಳಿದ: "ಕಲ್ಲು ದೇವರೋ, ಸ್ಮಾರಕವೋ?"

"ಎರಡೂ" ಎಂದೆ.

"ಎರಡೂ ಅಂತ ಫಾರಮಿನಲ್ಲಿ ಖಾನೆ ಇಲ್ಲ ಮೇಷ್ಟ್ರೇ. ದೇವರಾದರೆ ಊರವರೇ ಕಿತ್ತುಕೊಂಡು ಹೋಗಬೇಕು. ಸಿಪಾಯಿಗಳ ಸ್ಮಾರಕವಾದರೆ ನಾವೇ ಸರಪಳಿ ಹಾಕಿ ಎತ್ತಿ, ಬೇರೆ ಕಡೆ ಕಟ್ಟೆ ಕಟ್ಟಿ ನಿಲ್ಲಿಸಿ, ಮುಂದೆ ಒಂದು ಚಪ್ಪಡಿ ಹಾಕಿ ಹೆಸರು ಕೆತ್ತಿಸಿಕೊಡುತ್ತೇವೆ. ಎರಡೂ ಅಲ್ಲದಿದ್ದರೆ ಒಡೆದು ಕಾಲುವೆಯ ದಂಡೆಗೆ ಹಾಸುತ್ತೇವೆ. ಸತ್ತವರ ಪಟ್ಟಿ ಕೊಡಿ. ಹೆಸರು, ತಂದೆಯ ಹೆಸರು, ದರ್ಜೆ. ದೀಪಾವಳಿ ಪಾಡ್ಯ ಕಳೆದ ಮೇಲೆ ಒಂದು ದಿನವೂ ಕಾಯುವುದಿಲ್ಲ."

ಒಂಬತ್ತು ಅಡಿ ನೆಲದೊಳಗೆ ಇಳಿದಿರುವ ಕಲ್ಲನ್ನು ಊರವರು ಕೀಳುವುದು ಸುಳ್ಳು. ಆದರೆ ಪಟ್ಟಿ ಸುಲಭ. ಸುಣ್ಣ ಕೆರೆದರೆ ಹೆಸರುಗಳು ಅಲ್ಲೇ ಇವೆ.

ಬಸ್ಸಿನಲ್ಲಿ ಯಾರದೋ ಕೋಳಿ ನನ್ನ ಧೋತರ ಹಾಳು ಮಾಡಿತು.

೨೩ ಸೆಪ್ಟೆಂಬರ್, ಬುಧವಾರ

ಮೂರು ದಿನದಿಂದ ಶಾಲೆ ಬಿಟ್ಟ ಮೇಲೆ ಖುರಪಿ ಹಿಡಿದು ಸುಣ್ಣ ಕೆರೆಯುತ್ತಿದ್ದೇನೆ. ಅಂಗೈಯಲ್ಲಿ ಬೊಬ್ಬೆ ಬಂದಿವೆ. ಸುಣ್ಣ ಹಪ್ಪಳದಂತೆ ಎದ್ದು ಬರುತ್ತದೆ, ಒಂದರ ಕೆಳಗೆ ಒಂದು, ನಡುವೆ ಎಣ್ಣೆಯ ಜಿಡ್ಡು, ಕುಂಕುಮ.

ಕೆಳಗೇರಿಯ ಪೀರಮ್ಮ ಕಟ್ಟಿಗೆ ಹೊರೆ ಹೊತ್ತು ಹೋಗುತ್ತಿದ್ದವಳು ನಿಂತಳು. ಎಪ್ಪತ್ತು ದಾಟಿದ ಮುದುಕಿ, ಬಾಯಿ ಮಾತ್ರ ಹದಿನಾರರದು.

"ಯಪ್ಪಾ ಮಾಸ್ತರ, ಅವರ ಅಂಗಿ ಯಾಕ ಬಿಚ್ಚಾಕತ್ತೀರಿ?"

"ಹೆಸರು ಓದಬೇಕಾಗೇತಿ. ನೀ ದೂರ ನಿಲ್ಲಬೇ, ಧೂಳು ಹಾರತೈತಿ" ಎಂದೆ. ಧೂಳಿಗಾಗಿ ಹೇಳಲಿಲ್ಲ. ಅವಳಿಗೂ ಅದು ಗೊತ್ತು.

"ಹೆಸರು ತಗೊಂಡು ಏನ್ ಮಾಡ್ತೀರಿ? ಹೆಸರು ಉಣ್ತೈತೇನು?" ಎಂದು ಹೊರೆ ಸರಿಪಡಿಸಿಕೊಂಡು ಹೋದಳು. ಹೀಗೆ ಮಾತಾಡುವವರಿಗೆ ಖಾನೆ, ದರ್ಜೆ ಎಂದರೆ ಏನು ತಿಳಿದೀತು.

ಕೊನೆಗೆ ಅಕ್ಷರ ಕಂಡವು. ಉರ್ದು ಲಿಪಿಯೇ, ಆದರೆ ಭಾಷೆ ಪಾರ್ಸಿ. ಆರು ಸಾಲು. ಅರ್ಥವಾಗಲಿಲ್ಲ. 'ಬಸಲಿಂಗ' ಎಂಬಂತೆ ಕಾಣುವ ಜಾಗ ಹುಡುಕಿ ಹುಡುಕಿ ಕಣ್ಣು ಉರಿಯಿತು. ಇದ್ದುದನ್ನು ಇದ್ದಂತೆ ಕಾಗದಕ್ಕೆ ಇಳಿಸಿಕೊಂಡಿದ್ದೇನೆ.

೪ ಅಕ್ಟೋಬರ್, ಭಾನುವಾರ

ಲಿಂಗಸುಗೂರಿಗೆ ಹೋಗಿದ್ದೆ. ಹಿಂದೆ ದಂಡು ಇರುತ್ತಿದ್ದ ಛಾವಣಿಯ ಹಳೆಯ ಬೇವಿನ ಮರದ ಹತ್ತಿರ ಅಮೀನ್‌ಸಾಬರ ಮನೆ. ನಾನು ಮಿಡಲ್ ಸ್ಕೂಲಿನಲ್ಲಿದ್ದಾಗ ಪಾರ್ಸಿ ಕಲಿಸುತ್ತಿದ್ದವರು. ಆಗ ನಾನು ಕಲಿಯಲಿಲ್ಲ.

"ಈಗ ಬಂದ್ಯಾ ಪಾಠಕ್ಕ? ಇಪ್ಪತ್ತು ವರ್ಷ ಲೇಟಾತಲ್ಲೋ" ಎಂದು ಕನ್ನಡಕ ಹಾಕಿಕೊಂಡು ನನ್ನ ಕಾಗದ ಓದಿದರು. ಓದಿ ಮುಗಿಸಿ ಹಿಂದೆ ತಿರುವಿ ನೋಡಿದರು. ಹಿಂದೆ ಏನೂ ಇರಲಿಲ್ಲ.

"ಇಷ್ಟ ಏನು?"

"ಇಷ್ಟ ರೀ."

"ಆರು ಸಾಲಿನಾಗ ಐದು ಸಾಲು ಈ ಕಲ್ಲು ನಿಲ್ಲಿಸಿದ ಸಾಹೇಬರ ಬಿರುದು. ಆರನೇದು ಕೇಳು. 'ಹಿಜರಿ ೧೨೩೩ರ ಲಡಾಯಿಯಲ್ಲಿ ಈ ಮೌಜೆಯ ಹದಿನೇಳು ಮಂದಿ ಅಲ್ಲೇ ಉಳಿದರು. ಓದಿದವರು ಅವರಿಗಾಗಿ ಒಂದು ಒಳ್ಳೆ ಮಾತು ಹೇಳಿ.' ಮುಗೀತು."

"ಹೆಸರು?"

"ಎಲ್ಲಿ ಬರೀಬೇಕಿತ್ತಪ್ಪ? ಸಾಹೇಬರ ಬಿರುದಿಗೇ ಕಲ್ಲು ಸಾಲಿಲ್ಲ." ಆಮೇಲೆ ಕಣ್ಣು ಮುಚ್ಚಿ ತುಟಿ ಅಲುಗಿಸಿದರು. ಏನು ರೀ ಎಂದರೆ, "ಓದಿದವರು ಹೇಳಬೇಕಂತ ಬರ್ದಾರಲ್ಲ, ನಾ ಓದಿದೆ" ಎಂದರು.

ಐದು ತಲೆಮಾರಿನ ಸುಣ್ಣ ಕೆರೆದವನಂತೆ ಕೈ ನೋಯುತ್ತಿದೆ. ಅಪ್ಪ ಸುಳ್ಳು ಹೇಳುವವನಲ್ಲ. ಅಪ್ಪನಿಗೆ ಪಾರ್ಸಿ ಓದಲು ಬರುತ್ತಿರಲಿಲ್ಲ ಎನ್ನುವುದೂ ನಿಜ.

೮ ಅಕ್ಟೋಬರ್, ಗುರುವಾರ

ಮಾನೌಮಿ ಅಮಾಸಿ. ಹಿರಿಯರ ಪೂಜೆಯಾಯಿತು. ಹೆಂಡತಿ ಶೇಖರಮ್ಮ ಬಡಿಸಿದಳು. ಹಸಿ ಉಳ್ಳಾಗಡ್ಡಿ ಇರಲಿಲ್ಲ. ಹಸಿ ಉಳ್ಳಾಗಡ್ಡಿ ಇಲ್ಲದೆ ನನಗೆ ರೊಟ್ಟಿ ಇಳಿಯುವುದಿಲ್ಲ ಎಂದು ಹದಿನಾಲ್ಕು ವರ್ಷದಿಂದ ಹೇಳುತ್ತಿದ್ದೇನೆ. "ಹಬ್ಬದ ದಿನಾನೂ ಅದ ಏನ್ರೀ?" ಎಂದಳು. ಹಬ್ಬಕ್ಕೂ ನಾಲಿಗೆಗೂ ಏನು ಸಂಬಂಧ.

೧೮ ಅಕ್ಟೋಬರ್, ಭಾನುವಾರ

ಕಲ್ಲಿನಲ್ಲಿ ಇಲ್ಲದ್ದು ಹೆಳವರ ಬಾಯಲ್ಲಿ ಇದ್ದೇ ಇರುತ್ತದೆ. ನಮ್ಮ ಊರಿನ ಮನೆತನಗಳ ವಂಶ ಹಾಡುವ ಹೆಳವರ ಆದಪ್ಪ ಸುಗ್ಗಿಯಾದ ಮೇಲೆ ಎತ್ತಿನ ಮೇಲೆ ಕುಳಿತು ಬರುವವನು. ಅಷ್ಟು ದಿನ ಯಾರು ಕಾಯಬೇಕು? ನಾನೇ ಮಸ್ಕಿಗೆ ಹೋದೆ. ಗುಡ್ಡದ ಬುಡದಲ್ಲಿ ಎತ್ತಿನ ಮೈ ತೊಳೆಯುತ್ತಿದ್ದ.

"ಮಾಸ್ತರ, ಹೆಳವ ಊರಿಗೆ ಬರಬೇಕು. ಊರು ಹೆಳವನ ಕಡೆ ಬಂದದ್ದು ಇದ ಮೊದಲು" ಎಂದು ನಕ್ಕು, ಗಂಟೆ ಬಾರಿಸಿ ಶುರು ಮಾಡಿದ. ಒಂದೊಂದು ಮನೆತನ ಹಾಡುತ್ತಾ ಹೋದ. ದಂಡಿಗೆ ಹೋಗಿ ತಿರುಗಿ ಬರಲಿಲ್ಲ ಎಂಬುವರು ನಾಲ್ಕೇ ಮಂದಿ ಸಿಕ್ಕರು.

"ಇನ್ನ ಹದಿಮೂರು?"

"ಆ ನಾಲ್ಕು ಮಂದಿ ಮಕ್ಕಳನ್ನ ಬಿಟ್ಟು ಹೋಗಿದ್ರು, ಮಕ್ಕಳ ಮಕ್ಕಳು ನನಗ ಕಾಳು ಹಾಕ್ತಾರ, ನಾ ಹಾಡ್ತೀನಿ. ಉಳದವರು ಮದಿವಿ ಇಲ್ಲದ ಹುಡುಗರು. ಅವರನ್ನ ಯಾರ ಅಂಗಳದಾಗ ನಿಂತು ಹಾಡ್ಲಿ?"

"ನಮ್ಮ ಬಸಲಿಂಗಪ್ಪ?"

ಕಣ್ಣು ಮುಚ್ಚಿ ಹಾಡಿದ: ಬಸಲಿಂಗ ದಂಡಿನಿಂದ ಬಂದ, ಬಂದ ಮೂರನೇ ವರ್ಷ ಮುದಗಲ್ಲಿನ ಹೆಣ್ಣು ತಂದ, ಮೂರು ಗಂಡು ಎರಡು ಹೆಣ್ಣು ಹಡೆದ, ಹಲ್ಲು ಉದುರಿ ಕಣ್ಣು ಮಂಜಾಗಿ ತನ್ನ ಹಾಸಿಗೆಯಲ್ಲಿ ಶಿವನ ಪಾದ ಸೇರಿದ.

"ನೆಟ್ಟಗ ನೆನಪ ಮಾಡ್ಕೊ" ಎಂದೆ.

"ಅಂವ ಅಲ್ಲೇ ಸತ್ತಿದ್ರ ನೀವೆಲ್ಲಿಂದ ಬಂದ್ರಿ ಮಾಸ್ತರ?" ಎಂದ. ಎತ್ತೂ ನನ್ನನ್ನೇ ನೋಡುತ್ತಿತ್ತು.

೨೦ ಅಕ್ಟೋಬರ್, ಮಂಗಳವಾರ

ಆದಪ್ಪನಿಗೆ ವಯಸ್ಸಾಗಿದೆ. ಒಂದು ಮನೆಯದನ್ನು ಇನ್ನೊಂದು ಮನೆಗೆ ಹಚ್ಚಿ ಹಾಡುತ್ತಾನೆ.

೨೯ ಅಕ್ಟೋಬರ್, ಗುರುವಾರ

ಪಾಡ್ಯಕ್ಕೆ ಒಂಬತ್ತೇ ದಿನ. ಎಡೆ ಹಿಡಿಯುವ ಹೆಂಗಸರಿಗಾದರೂ ಹೆಸರು ಗೊತ್ತಿರಬಹುದು ಎಂದು ಶೇಖರಮ್ಮ ಹೇಳಿದಳು. ಯಾರನ್ನು ಕೇಳಬೇಕು ಎಂದರೆ ಎಲ್ಲರೂ ಒಂದೇ ಹೆಸರು ಹೇಳಿದರು, ಪೀರಮ್ಮ. ಛತ್ರಿ ಹಿಡಿದು ಕೆಳಗೇರಿಗೆ ಹೋಗಿ ಬೇವಿನ ಮರದ ಹತ್ತಿರ ನಿಂತೆ. ಪೀರಮ್ಮ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಕುಂದ್ರಿ ಎಂದಳು. ನಿಂತೇ ಇದ್ದೆ.

"ಹದಿನೇಳು ಮಂದಿ ಗೊತ್ತದಾರೇನು ನಿನಗ?"

"ಹದಿನಾರು ಮಂದಿ ಗೊತ್ತದಾರ. ಬರಕೊಳ್ರಿ. ಮಜ್ಜಿಗಿ ಕೇಳಾಂವ. ರೊಟ್ಟಿ ಅಂಚು ಮುರಕೊಂಡು ತಿನ್ನಾಂವ, ನಡುವಿಂದು ಒಲ್ಲ. ಹಲ್ಲು ಬಿದ್ದಾಂವ, ಅವಂಗ ನುಚ್ಚು. ಜಗಳಗಂಟ, ಅವಂಗ ಮೊದಲ ಹಾಕಬೇಕು, ಇಲ್ಲಂದ್ರ ಸಿಟ್ಟು ಮಾಡ್ತಾನ. ಅಣ್ಣ ತಮ್ಮ ಇಬ್ರು, ಅವರ ಎಲಿಗೆ ಎಲಿ ತಾಗಿರಬೇಕು. ಕುಂಟೆತ್ತಿನಾಂವ, ಬಾಜೂಕ ಒಂದು ಹಿಡಿ ಕಣಿಕಿ ಇಟ್ರ ಮಾತ್ರ ಉಣ್ತಾನ, ಎತ್ತಿಗೆ ಹಾಕಿರೇನು ಅಂತ ಕೇಳಾಂವ…"

"ಹೆಸರು ಬೇ, ಹೆಸರು!"

"ಮದಿವಿ ಇಲ್ಲದ ಹೋದವರ ಹೆಸರು ಎಡಿ ಮುಂದ ಕರಿಯಂಗಿಲ್ರಿ. ಕರದ್ರ ಮನಿಗೆ ಬರ್ತೀನಿ ಅಂತಾರ. ಕರೀಲಿಲ್ಲ, ಹೆಸರು ಮರತು ಹೋದ್ವು."

ಹದಿನೇಳರಲ್ಲಿ ಹನ್ನೊಂದು ಮಂದಿ ಕೆಳಗೇರಿಯವರೇ ಅಂತೆ. ಆದಪ್ಪ ಹಾಡಿದ ನಾಲ್ವರೂ ಇವರಲ್ಲಿ ಇದ್ದಾರೆ, ಅವರ ಹೆಸರಿಗಿಂತ ಊಟವೇ ಇವಳಿಗೆ ಗಟ್ಟಿ. ಹದಿನೇಳನೆಯವನ ಎಡೆ ಹಿಡಿಯುತ್ತಿದ್ದ ಮನೆಯವರು ಕಾಲರಾ ವರ್ಷ ಎಲ್ಲರೂ ಹೋದರು, ಆಮೇಲೆ ಅವನಿಗೆ ಏನು ಬೇಕೋ ತಿಳಿಯದೆ ಖಾಲಿ ಎಲೆ ಇಡುತ್ತಾರಂತೆ.

ಓವರ್‌ಸೀಯರಿಗೆ ಏನು ಬರೆದುಕೊಡಲಿ? ಹೆಸರು: ಮಜ್ಜಿಗೆ. ತಂದೆಯ ಹೆಸರು: ಜೋಳದ ರೊಟ್ಟಿ. ದರ್ಜೆ: ಜಗಳಗಂಟ.

ಹೊರಡುವಾಗ ಪೀರಮ್ಮ, "ನಿಮ್ಮ ಮನಿ ಬಸಲಿಂಗಪ್ಪನ ಮಾತೊಂದೈತಿ ಕೇಳ್ರಿ" ಎಂದಳು. ನಮ್ಮ ಮನೆಯ ಮಾತನ್ನು ಇವಳಿಂದ ಕೇಳಬೇಕೇ? ಬಂದುಬಿಟ್ಟೆ. ಮನೆಗೆ ಬಂದು ಸ್ನಾನ ಮಾಡಿದೆ.

೯ ನವೆಂಬರ್, ಸೋಮವಾರ

ಪಾಡ್ಯದ ಮರುದಿನ ಭಾನುವಾರ, ಕಚೇರಿ ಇರಲಿಲ್ಲ. ಇವತ್ತು ಬಾಗಿಲು ತೆರೆದ ಕೂಡಲೇ ಪಟ್ಟಿ ಕೊಟ್ಟು ಬಂದೆ.

ಹದಿನೇಳು ಹೆಸರು, ಹದಿನೇಳು ತಂದೆಯ ಹೆಸರು, ದರ್ಜೆ ಸಮೇತ. ನಾಲ್ಕು ಆದಪ್ಪನವು. ಮೊದಲನೆಯದು ಹವಾಲ್ದಾರ್ ಬಸಲಿಂಗಪ್ಪ. ಉಳಿದ ಹನ್ನೆರಡು ನಾನೇ ಕೂತು ಬರೆದೆ: ಗುರುಲಿಂಗಪ್ಪ, ಚನ್ನಮಲ್ಲಪ್ಪ, ಮಹಾಂತಪ್ಪ, ಹೀಗೆ. ಒಳ್ಳೆಯ ಹೆಸರುಗಳು. ಕಲ್ಲು ಒಡೆದು ಕಾಲುವೆಗೆ ಹಾಸುವುದಕ್ಕಿಂತ ಇದು ಮೇಲಲ್ಲವೇ? ಸೂಗಪ್ಪಗೌಡರು ಓದದೆ ಸಹಿ ಹಾಕಿದರು. ಓವರ್‌ಸೀಯರ್ ಮೊದಲ ಸಲ ನನ್ನ ಮುಖ ನೋಡಿ, "ಹೀಗೆ ಇರಬೇಕು ನೋಡಿ ಪಟ್ಟಿ ಅಂದರೆ. ಕುರ್ಚಿ ತಗೊಳ್ಳಿ" ಎಂದ.

ಕುರ್ಚಿಯಲ್ಲಿ ಕುಳಿತೆ. ಒಂದು ಕಾಲು ಅಲುಗಾಡುತ್ತಿತ್ತು.

೩ ಡಿಸೆಂಬರ್, ಗುರುವಾರ

ಬಹಳ ದಿನ ಬರೆಯಲಿಲ್ಲ. ಮನಸ್ಸಿರಲಿಲ್ಲ. ಕಚೇರಿಯಿಂದ ಉತ್ತರವಿಲ್ಲ. ಅಗೆಯುವವರ ಗುಡಿಸಲುಗಳು ವಳಕಮದಿನ್ನಿಯ ದಾರಿಯಲ್ಲಿ ಎದ್ದಿವೆ. ಶಾಲೆಯ ತನಕ ಸಲಿಕೆಯ ಸದ್ದು ಕೇಳುತ್ತದೆ. ಮಕ್ಕಳು ಮಗ್ಗಿ ತಪ್ಪುತ್ತಾರೆ, ನಾನೂ ತಪ್ಪುತ್ತೇನೆ.

ಒಂದು ಸಂಶಯ ಉಳಿದಿತ್ತು. ಮಜ್ಜಿಗೆ ಕೇಳುವವನಿಗೆ ಉಪ್ಪು ಹಾಕಿದ್ದೋ, ಹಾಕದ್ದೋ? ಪಟ್ಟಿಗೆ ಬೇಕಾದದ್ದಲ್ಲ, ಸುಮ್ಮನೆ ತಲೆಯಲ್ಲಿ ಕೊರೆಯುತ್ತಿತ್ತು. ಪೀರಮ್ಮನ ಕಡೆ ಹೋದೆ. ಬಿಸಿಲಿತ್ತು, ಅವಳ ಬಾಗಿಲ ಮುಂದಿನ ಒರಳಿನ ಮೇಲೆ ಕುಳಿತೆ.

"ಉಪ್ಪು ಒಲ್ಲ ಅಂವ. ಹಸಿ ಸುಂಟಿ ಜಜ್ಜಿ ಹಾಕಬೇಕು. ತಡೀರಿ, ಹೆಂಗಿರತೈತಿ ತೋರಸ್ತೀನಿ" ಎಂದು ಒಂದು ಚರಿಗೆ ತಂದಳು. ಹುಳಿ ಸ್ವಲ್ಪ ಹೆಚ್ಚಾಗಿತ್ತು, ಆದರೆ ಶುಂಠಿ ಒಳ್ಳೆಯ ಹದ. ಇನ್ನೊಂದು ಚರಿಗೆ ಕೇಳಿದೆ. ಉಳಿದವರದೂ ಒಂದೊಂದಾಗಿ ಕೇಳಿ ಈ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡೆ. ಹೇಗೂ ಅಕ್ಷರ ಅಭ್ಯಾಸವಾಗಬೇಕಲ್ಲ.

ಮನೆಗೆ ಬಂದಾಗ ಶೇಖರಮ್ಮ ಕೇಳಿದಳು, "ನೀರು ಕಾಸಲೇನ್ರೀ?"

"ಯಾಕ?" ಎಂದೆ. ಒಳಗೆ ಹೋದಳು. ಹೆಂಗಸರ ಪ್ರಶ್ನೆಗೆ ತಲೆಬುಡ ಇರುವುದಿಲ್ಲ.

೧೮ ಡಿಸೆಂಬರ್, ಶುಕ್ರವಾರ

ಮಂಜೂರಾಗಿದೆ! ಇವತ್ತು ಸರಪಳಿ, ಮೂರು ಕಾಲಿನ ತೊಲೆ, ಮೂವತ್ತು ಆಳು. ಕಲ್ಲು ನೆಲ ಬಿಟ್ಟು ಏಳುವಾಗ ಬಾವಿಯೊಳಗಿಂದ ಯಾರೋ ನಿಟ್ಟುಸಿರು ಬಿಟ್ಟಂತೆ ಸದ್ದಾಯಿತು. ಊರ ದಿನ್ನೆಯ ಬಡಗಣ ಅಂಚಿನಲ್ಲಿ ಹೊಸ ಕಟ್ಟೆಯ ಮೇಲೆ ನಿಲ್ಲಿಸಿದರು. ಮುಂದೆ ಹಾಸಲು ದೊಡ್ಡ ಚಪ್ಪಡಿ ಬಂದಿದೆ. ವಡ್ಡರ ನರಸಣ್ಣ ಉಳಿ ಮಸೆಯುತ್ತಾ, "ಹೆಸರು ಕೊಡ್ರಿ ಸ್ವಾಮಿ, ಎಳ್ಳಮಾಸಿಯೊಳಗೆ ಮುಗಿಸ್ತೀನಿ" ಎಂದ. ಪಟ್ಟಿ ಕೊಟ್ಟೆ.

ಸಂತೋಷವಾಗಬೇಕಿತ್ತು. ಹಲ್ಲು ನೋವಿಗೋ ಏನೋ, ಮಧ್ಯಾಹ್ನ ಊಟ ಸೇರಲಿಲ್ಲ.

೨೬ ಡಿಸೆಂಬರ್, ಶನಿವಾರ

ನರಸಣ್ಣ ಮೊದಲ ಹೆಸರು ಕೆತ್ತಿದ್ದಾನೆ. ಹವಾಲ್ದಾರ್ ಬಸಲಿಂಗಪ್ಪ. ಅಕ್ಷರ ನನ್ನವಕ್ಕಿಂತ ನೆಟ್ಟಗಿವೆ. ನೋಡುತ್ತಾ ನಿಂತಿದ್ದೆ. ಪೀರಮ್ಮ ಬಂದಳು, ಅವಳ ಹಿಂದೆ ನಾಲ್ಕು ಹೆಂಗಸರು.

"ಏನ್ ಬರ್ಸಾಕತ್ತೀರಿ ಯಪ್ಪಾ? ಓದ್ರಿ, ಕೇಳೂಣು."

ಹದಿನೇಳೂ ಓದಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಪೀರಮ್ಮ ಬೆರಳು ಮಡಚುತ್ತಾ ಕೇಳುತ್ತಿದ್ದಳು. ನಾಲ್ಕು ಮಡಚಿ ನಿಲ್ಲಿಸಿದಳು.

"ಗುರುಲಿಂಗಪ್ಪ ಅಂದ್ರ ಯಾವ? ಕುಂಟೆತ್ತಿನಾಂವೇನು?"

ನಾನು ಪಟ್ಟಿ ಮಡಚಿದೆ.

"ಮಹಾಂತಪ್ಪ ಏನು ಉಣ್ತಾನ?"

"ಗೊತ್ತಿಲ್ಲ."

"ಮತ್ತ ಯಾರ ಎಡಿ ಎಲ್ಲಿಡೋಣು? ಈ ಹೆಸರಿಗೆ ನಮ್ಮ ಹುಡುಗರು ಎದ್ದು ಬರಂಗಿಲ್ರಿ. ಯಾರೋ ಬೀಗರು ಕುಂತಾರ ಅಂತ ದೂರ ನಿಲ್ತಾರ." ಆಮೇಲೆ ಮೊದಲ ಹೆಸರಿನ ಕಡೆ ಕೈ ತೋರಿಸಿದಳು. "ಇದು ಬಸಲಿಂಗಪ್ಪನದಲ್ಲ? ಅಂವ ಯಾಕ ಇಲ್ಲಿ?"

"ಅಂವ ಹವಾಲ್ದಾರ" ಎಂದೆ. ನನಗೇ ಧ್ವನಿ ಸಣ್ಣದೆನಿಸಿತು.

"ಹವಾಲ್ದಾರೋ ಏನೋ. ಹದಿನೆಂಟು ಮಂದಿ ಒಂದ ಒಲಿ ಹೂಡಿ ಉಣ್ತಿದ್ರಂತ. ದಂಡಿನಾಗ ಎಲ್ಲಿ ಊರು, ಎಲ್ಲಿ ಕೇರಿ? ಅಂವ ಬಡಿಸಾಂವ. ಅವನೊಬ್ಬ ಬದುಕಿ ಬಂದ. ಬಂದು ಹದಿನೇಳು ತಾಯೇರ ಮನಿಗೂ ಹೋಗಿ, ನಿನ್ನ ಮಗ ಇಂಥಾದ್ದು ಕೇಳಿ ಉಣ್ತಿದ್ದ, ಇಂಥಾದ್ದು ಒಲ್ಲೆ ಅಂತಿದ್ದ ಅಂತ ಹೇಳಿದ. ಈ ಕಲ್ಲು ಬಂದ ಮ್ಯಾಗ ಎಳ್ಳಮಾಸಿಗೆ ಹದಿನೇಳೂ ಎಡಿ ತಾನ ನಿಂತು ಹಾಕ್ತಿದ್ದ. ಅದಕ್ಕಲ್ಲ ನಿಮ್ಮ ಮನಿ ಮೊದಲು? ಆಮ್ಯಾಲ ಅವನ ಮಕ್ಕಳು ಕಾಯಿ ಒಡದು ಮನಿಗೆ ಹೋಗಾಕತ್ರು. ಅವತ್ತ ಹೇಳಾಕ ಬಂದ್ರ ಛತ್ರಿ ಬಿಚ್ಚಿ ಹೋದ್ರಿ ನೀವು. ಬಡಿಸಾಂವ ಉಣ್ಣಾಕ ಕುಂತ್ರ ಹೆಂಗ್ರಿ ಮಾಸ್ತರ?"

ನರಸಣ್ಣ ಉಳಿ ಕೆಳಗಿಟ್ಟ. ಸಿಟ್ಟು ಬಂತು. ಆದಪ್ಪನ ಮೇಲೆ, ಓವರ್‌ಸೀಯರ್ ಮೇಲೆ, ಆ ಖಾನೆಗಳ ಮೇಲೆ. ಪೀರಮ್ಮನ ಮೇಲೆ ಬರಲಿಲ್ಲ, ಯಾಕೋ ಗೊತ್ತಿಲ್ಲ. "ಕೆತ್ತೋದು ನಿಲ್ಲಸು" ಎಂದು ಬಂದೆ.

೨೯ ಡಿಸೆಂಬರ್, ಮಂಗಳವಾರ

ಸಿಂಧನೂರು. ಓವರ್‌ಸೀಯರಿಗೆ ಎಲ್ಲ ಹೇಳಿದೆ. ಹನ್ನೆರಡು ನಾನು ಹುಟ್ಟಿಸಿದವರು, ಒಬ್ಬ ಸಾಯದವನು, ಪಟ್ಟಿ ರದ್ದು ಮಾಡಿ ಎಂದೆ.

ಅವನು ಪೆನ್ನು ಕೆಳಗಿಟ್ಟ. "ಮೇಷ್ಟ್ರೇ, ಈ ಫೈಲು ರಾಯಚೂರಿಗೆ ಹೋಗಿ, ಮೂರು ಮೊಹರು ಬಿದ್ದು, ಮುಚ್ಚಿ ಬಂದಿದೆ. ಬಸಲಿಂಗಪ್ಪ ಸತ್ತದ್ದು ಮಂಜೂರಾಗಿದೆ. ಮಂಜೂರಾದ ಮೇಲೆ ಬದುಕಿಸಲು ನನಗೆ ಅಧಿಕಾರವಿಲ್ಲ."

"ಇಲ್ಲದವರನ್ನ ಕೆತ್ತಿದ್ರ ನಡೀತದೇನ್ರಿ?"

"ಪಟ್ಟಿಯಲ್ಲಿ ಹದಿನೇಳು, ಚಪ್ಪಡಿ ಒಂದು. ನಾನು ಬಂದು ಚಪ್ಪಡಿ ಇದೆಯೋ ಇಲ್ಲವೋ ನೋಡುತ್ತೇನೆ. ಓದುತ್ತಾ ಕೂರಲು ನನಗೆ ಪುರುಸೊತ್ತಿಲ್ಲ. ಇನ್ನು ಈ ಕಲ್ಲಿನ ಮಾತು ತಂದರೆ ನಿಮ್ಮ ಇನ್‌ಸ್ಪೆಕ್ಟರಿಗೆ ಬರೆಯುತ್ತೇನೆ."

ಈ ಸಲ ಕುರ್ಚಿ ತೋರಿಸಲಿಲ್ಲ. ತಿರುಗಿ ಬರುವಾಗ ಬಸ್ಸು ಕೆಟ್ಟು ಮೂರು ಹರದಾರಿ ನಡೆದೆ. ನಡೆಯುವಾಗ ಅವನ ಮಾತೇ ತಲೆಯಲ್ಲಿತ್ತು. ಚಪ್ಪಡಿ ಇದ್ದರೆ ಸಾಕು.

೧ ಜನವರಿ ೧೯೫೪, ಶುಕ್ರವಾರ

"ಮಗುಚಿ ಹಾಕು" ಎಂದೆ ನರಸಣ್ಣನಿಗೆ.

"ಕೆತ್ತಿದ ಹೆಸರು ಕೆಳಗಾಗ್ತದಲ್ಲಾ ಸ್ವಾಮಿ."

"ಆಗ್ಲಿ."

"ನಿಮ್ಮ ಮನೆಯವರ ಹೆಸರು ಅಂದ್ರಿ."

"ನಮ್ಮ ಮನೀದ. ಆಗ್ಲಿ ಅಂತೀನಿ."

ಹತ್ತು ಆಳು ಹಾರೆ ಹಾಕಿ ಮಗುಚಿದರು. ಬಸಲಿಂಗಪ್ಪ ಮಣ್ಣಿಗೆ ಮುಖ ಮಾಡಿದ. ಮೇಲಿನ ಬೋಳು ಕಲ್ಲಿನ ಮೇಲೆ ಇದ್ದಲಿನಿಂದ ಗುರುತು ಹಾಕಿದೆ. ಒಂದೊಂದು ಗೇಣಗಲ, ಎರಡು ಬೆರಳು ಆಳ, ಹದಿನೇಳು ಗುಳಿ. ನರಸಣ್ಣ ತಲೆ ಕೆರೆದುಕೊಂಡ. "ಅಳಗುಳಿ ಆಡ್ತೀರೇನು ಸ್ವಾಮಿ?"

"ಉಣ್ಣಾಕ" ಎಂದೆ.

ಪೀರಮ್ಮ ಕಟ್ಟೆಯ ಮೇಲೆಯೇ ಕುಳಿತು ಜಾಗ ಹೇಳಿದಳು. ಜಗಳಗಂಟನದು ತುದಿಗೆ, ಮೊದಲು ಸಿಗಬೇಕು. ಅಣ್ಣ ತಮ್ಮಂದಿರ ಎರಡು ಗುಳಿ ಅಂಚಿಗೆ ಅಂಚು ಕೂಡಿರಬೇಕು. ಕುಂಟೆತ್ತಿನವನ ಬಾಜೂಕೆ ಕಣಿಕೆ ಇಡಲು ಒಂದು ಸಣ್ಣ ಗೀರು. "ಯವ್ವಾ, ಇನ್ನೂ ಎಷ್ಟು ಹೇಳ್ತಿ, ಕಲ್ಲು ಸಾಲಂಗಿಲ್ಲ" ಎಂದು ನಾನು ಹೇಳಿದರೆ, "ಆ ಕಲ್ಲಿನಾಗ ಐದು ಸಾಲು ಸಾಹೇಬನ ಬಿರುದು ಹಿಡಿಸ್ಯಾರಂತ ನೀವ ಹೇಳಿದ್ರಿ, ಇದರಾಗ ನಮ್ಮ ಹುಡುಗರೂ ಹಿಡಿತಾರ, ತಡೀರಿ" ಎಂದಳು.

೫ ಜನವರಿ, ಮಂಗಳವಾರ. ಎಳ್ಳಮಾಸಿ

ಸೊಂಟ ಎತ್ತಲಾಗುತ್ತಿಲ್ಲ. ಹದಿನೇಳು ಸಲ ಬಗ್ಗುವುದು ಎಂದರೆ ಹುಡುಗಾಟವಲ್ಲ. ಮುಂದಿನ ವರ್ಷ ಕಟ್ಟೆ ಇನ್ನೊಂದು ಮೊಳ ಎತ್ತರಿಸಬೇಕು.

ಕಾಯಿ ಒಡೆದೆ. ಮನೆಗೆ ಹೋಗಲಿಲ್ಲ. ಹೆಂಗಸರು ಬುಟ್ಟಿ ಹೊತ್ತು ಬಂದವರು ನನ್ನನ್ನು ಕಂಡು ದಿನ್ನೆಯ ಕೆಳಗೇ ನಿಂತರು. ನಾನು ಹೋಗುವ ತನಕ ಮೇಲೆ ಬರುವುದು ವಾಡಿಕೆಯಿಲ್ಲ. ಧೋತರ ಎತ್ತಿ ಕಟ್ಟಿ, "ತರ್ರಿ ಇಲ್ಲಿ, ಯಾರದು ಏನು ಹೇಳ್ಕೋತ ಕೊಡ್ರಿ" ಎಂದೆ. ಯಾರೂ ಅಲುಗಲಿಲ್ಲ. ಪೀರಮ್ಮ ಮೊದಲ ಬುಟ್ಟಿ ನನ್ನ ಕೈಗೆ ಕೊಟ್ಟಳು. ಬುಟ್ಟಿಯ ಸಜ್ಜೆ ರೊಟ್ಟಿ ಇನ್ನೂ ಬಿಸಿಯಿತ್ತು.

ಜಗಳಗಂಟನಿಗೆ ಮೊದಲು ಹಾಕಿದೆ. ಆಮೇಲೆ ಉಪ್ಪಿಲ್ಲದ ಮಜ್ಜಿಗೆ, ರೊಟ್ಟಿಯ ಅಂಚು, ನುಚ್ಚು. ಕಣಿಕೆ ಮರೆತಿದ್ದೆ, ಹಿಂದಿನಿಂದ ಯಾರೋ ಕೂಗಿ ನೆನಪು ಮಾಡಿದರು. ಕಾಗದ ನೋಡಬೇಕಾಗಲಿಲ್ಲ. ಹದಿನಾರು ತುಂಬಿದವು.

ಹದಿನೇಳನೆಯ ಗುಳಿಯ ಮುಂದೆ ನಿಂತೆ. ಹೆಂಗಸರು ರೂಢಿಯಂತೆ ಖಾಲಿ ಎಲೆ ಕೊಟ್ಟರು. ಯಾಕೋ ಕೈ ಮುಂದೆ ಹೋಗಲಿಲ್ಲ. ಎಲ್ಲರೂ ಉಣ್ಣುವಾಗ ಒಬ್ಬ ಎಲೆ ನೋಡುತ್ತಾ ಕುಳಿತಿರುವುದು ಹೇಗೆ?

ಶೇಖರಮ್ಮ ನನ್ನ ಊಟದ ಗಂಟು ತಂದಿದ್ದಳು. ಬಿಚ್ಚಿದೆ. ರೊಟ್ಟಿಯ ಮೇಲೆ ಒಂದು ಹಸಿ ಉಳ್ಳಾಗಡ್ಡಿ ಇತ್ತು, ಇವತ್ತು ನೆನಪಿಟ್ಟು ಹಾಕಿದ್ದಾಳೆ. ಕಟ್ಟೆಗೆ ಗುದ್ದಿ ಒಡೆದು, ಸ್ವಲ್ಪ ಉಪ್ಪು ಉದುರಿಸಿ, ರೊಟ್ಟಿಯ ಜೊತೆ ಗುಳಿಯಲ್ಲಿಟ್ಟೆ.

"ಅಂವ ಉಳ್ಳಾಗಡ್ಡಿ ಒಲ್ಲೆ ಅಂದ್ರ?" ಎಂದಳು ಶೇಖರಮ್ಮ.

"ಅಂದ್ರ ಹೇಳಲಿ. ಬರಕೋತೀನಿ."